ಟಿಬೆಟ್ಟಿನ ಮಾತೂ ನಮ್ಮದೇ, ಉಪ್ಪಿನ ಮಾತೂ ನಮ್ಮದೇ

(ವಿದ್ಯಾರ್ಥಿನಿಲಯಗಳ ಗೆಳೆಯರು ನಡೆಸಿದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಆಡಿದ್ದನ್ನೇ ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ಪದ್ಯ ಓದು ಅಂತ ಕರೆದಿದ್ದರೆ ಸುಲಭವಾಗಿತ್ತು. ಈ ಶಿಬಿರದವರು 'ಪಾರ್ಲಿಮೆಂಟಿನಲ್ಲಿ ಬಾಬಾಸಾಹೇಬರು' ಅನ್ನೋ ವಿಷಯ ಕೊಟ್ಟು ನನ್ನನ್ನು ಸಿಕ್ಕಿಸಿದ್ದಾರೆ. ನಾನು ರಾಜ್ಯಶಾಸ್ತ್ರದ ಪಂಡಿತನಲ್ಲ. ಬಿ.ಎ. ಮಾಡಿದವನು, ಅದೂ ಎರಡನೇ ದರ್ಜೆಯಲ್ಲಿ. ಆದರೂ ಒಪ್ಪಿಕೊಂಡೆ. ಯಾಕೆ ಅನ್ನೋದನ್ನ ಮೊದಲು ಹೇಳಿಬಿಡ್ತೇನೆ.

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಇತ್ತು. ವಿಷಯ ಭಾರತದ ವಿದೇಶಾಂಗ ನೀತಿ. ಹೆಸರು ಕೊಡೋಕೆ ಹೋದೆ. ಬರೆದುಕೊಳ್ತಿದ್ದ ಮೇಷ್ಟ್ರು ತಲೆಯೆತ್ತಿ ನನ್ನ ಮುಖ ನೋಡಿದರು. ಕೆಟ್ಟವರಲ್ಲ. ಬೈಯಲಿಲ್ಲ, ನಕ್ಕರು. "ಮುಂದಿನ ತಿಂಗಳು ಮೀಸಲಾತಿ ಮೇಲೆ ಚರ್ಚೆ ಇಡ್ತೀವಿ ಕಣೋ, ಅದರಲ್ಲಿ ಮಾತಾಡು, ನಿನಗದು ಚೆನ್ನಾಗಿ ಬರುತ್ತೆ" ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕವರಿಗೆ ಏನು ಮಾಡೋದು? "ಸರಿ ಸಾರ್" ಅಂದು ಹಾಸ್ಟೆಲ್ಲಿಗೆ ವಾಪಸ್ಸು ಬಂದೆ. ಆ "ಸರಿ ಸಾರ್" ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಆ ನಗೆಯ ಅರ್ಥ ಏನು? ಗಡಿ, ಯುದ್ಧ, ಚೀನಾ, ಅಮೆರಿಕ, ಖಜಾನೆ ಎಲ್ಲ ದೊಡ್ಡವರ ವಿಷಯ. ನಿಮಗೆ ಕೇರಿ ಇದೆ, ಹಾಸ್ಟೆಲ್ ಇದೆ, ಸ್ಕಾಲರ್‌ಷಿಪ್ ಇದೆ, ಅದರ ಬಗ್ಗೆ ಅಳಿ, ಕೂಗಿ, ಬೇಕಾದರೆ ಘೋಷಣೆ ಹಾಕಿ, ನಾವು ಕೇಳಿಸಿಕೊಳ್ತೀವಿ. ಊರಲ್ಲಿ ಕೇರಿ ಎಲ್ಲಿದೆಯೋ ಮಾತಿನಲ್ಲೂ ಅಲ್ಲೇ ಒಂದು ಕೇರಿ ಮಾಡಿಟ್ಟಿದ್ದಾರೆ. ದೇಶದ ಮಾತು ಊರೊಳಗೆ, ನಮ್ಮ ಮಾತು ಊರಾಚೆ.

ಬಾಬಾಸಾಹೇಬರಿಗೂ ಇದನ್ನೇ ಮಾಡಿದರು. ಅವರು ಬದುಕಿದ್ದಾಗಲೂ ಮಾಡಿದರು, ಹೋದ ಮೇಲೂ ಮಾಡ್ತಾ ಇದ್ದಾರೆ. ಏಪ್ರಿಲ್ 14ಕ್ಕೆ ಹಾರ ಹಾಕಿ ಭಾಷಣ ಮಾಡುವವರನ್ನ ಕೇಳಿ ನೋಡಿ. ದಲಿತರ ನಾಯಕರು, ಸಂವಿಧಾನ ಬರೆದವರು, ಅಲ್ಲಿಗೆ ಮಾತು ಮುಗೀತು. ಟಿಬೆಟ್ಟಿನ ಬಗ್ಗೆ ಅವರು ಏನಂದರು? ಗೋವಾದ ಬಗ್ಗೆ ಏನಂದರು? ಸೈನ್ಯದ ಖರ್ಚಿನ ಬಗ್ಗೆ ಏನಂದರು? ಹಾರ ಹಾಕಿದವರಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ, ಅದೇ ನಾಚಿಕೆ. ಮಹಾರಾಷ್ಟ್ರ ಸರ್ಕಾರ ಅವರ ಬರಹ ಭಾಷಣಗಳ ಸಂಪುಟಗಳನ್ನ ತಂದಿದೆ. ಅದರಲ್ಲಿ 15ನೇ ಸಂಪುಟ ಪೂರಾ ಅವರ ಪಾರ್ಲಿಮೆಂಟಿನ ಮಾತು, 1947ರಿಂದ 1956ರವರೆಗಿನದು. ದಿಂಬಿನಷ್ಟು ದಪ್ಪ ಇದೆ. ನಾನು ಒಂದು ಬೇಸಿಗೆ ರಜೆಯೆಲ್ಲ ಅದರ ಮೇಲೇ ಬಿದ್ದಿದ್ದೆ. ಅದರಲ್ಲಿ ನನಗೆ ದಕ್ಕಿದ್ದಷ್ಟನ್ನ ಹೇಳ್ತೇನೆ.

ಮೊದಲು 1951. ಬಾಬಾಸಾಹೇಬರು ಆಗ ನೆಹರೂ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿ. ಸೆಪ್ಟೆಂಬರ್ 27ಕ್ಕೆ ರಾಜೀನಾಮೆ ಕೊಟ್ಟರು. ಯಾಕೆ ಕೊಟ್ಟರು ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವು ಹಿಂದೂ ಕೋಡ್ ಬಿಲ್ ಅಂತ ಬರೀತೇವೆ, ಅಂಕವೂ ಬೀಳುತ್ತೆ. ಅದು ನಿಜ, ಆದರೆ ಅಷ್ಟೇ ಅಲ್ಲ. ಅಕ್ಟೋಬರ್ 10ರ ತಾರೀಖು ಹಾಕಿದ ಅವರ ಹೇಳಿಕೆಯನ್ನ ಪೂರ್ತಿ ಓದಿ. ಕಾರಣಗಳು ಹಲವಾರು. ಅರ್ಥಶಾಸ್ತ್ರದಲ್ಲಿ ಕೊಲಂಬಿಯಾದ ಪಿಎಚ್.ಡಿ., ಲಂಡನ್ನಿನ ಡಿ.ಎಸ್ಸಿ. ಪಡೆದವರಿಗೆ ಯೋಜನೆಯ ಖಾತೆ ಕೊಡಲಿಲ್ಲ, ಮಂತ್ರಿಮಂಡಲದ ಮುಖ್ಯ ಸಮಿತಿಗಳಿಗೂ ಸೇರಿಸಲಿಲ್ಲ. ಸಮಿತಿಗಳು ಬಾಗಿಲು ಹಾಕಿಕೊಂಡು ತೀರ್ಮಾನ ಮಾಡೋದು, ಮಂತ್ರಿಮಂಡಲ ಅದನ್ನ ದಾಖಲು ಮಾಡಿಕೊಳ್ಳೋ ಕಚೇರಿಯ ಹಾಗೆ ಕೂರೋದು, ಇದು ಅವರ ದೂರು. ಹಿಂದುಳಿದ ವರ್ಗಗಳ ಆಯೋಗವನ್ನ ನೇಮಿಸಿಲ್ಲ, ಪರಿಶಿಷ್ಟ ಜಾತಿಗಳ ಪಾಡು ಹಿಂದಿನಂತೇ ಇದೆ, ಇದು ಇನ್ನೊಂದು. ಆಮೇಲೆ ವಿದೇಶಾಂಗ ನೀತಿ. ಹೌದು, ಅದೂ ಒಂದು ಕಾರಣ. ನನಗೆ ಚರ್ಚಾಸ್ಪರ್ಧೆಯಲ್ಲಿ ಬೇಡ ಅಂದ ಅದೇ ವಿಷಯ!

ಅವರ ವಾದ ಹೀಗಿದೆ. 1947ರ ಆಗಸ್ಟ್ 15ರಂದು ನಮಗೆ ಕೆಟ್ಟದ್ದು ಬಯಸುವ ದೇಶ ಒಂದೂ ಇರಲಿಲ್ಲ. 4 ವರ್ಷದಲ್ಲಿ ಇದ್ದ ಗೆಳೆಯರೆಲ್ಲ ಬಿಟ್ಟುಹೋದರು. ವಿಶ್ವಸಂಸ್ಥೆಯಲ್ಲಿ ನಾವೊಂದು ನಿರ್ಣಯ ಮಂಡಿಸಿದರೆ ಅನುಮೋದಿಸೋಕೂ ಒಬ್ಬರಿಲ್ಲ. ಇದರಿಂದ ಯಾರಿಗೇನು ನಷ್ಟ ಅಂತೀರಾ? ಇಲ್ಲೇ ಅವರು ಲೆಕ್ಕ ತೆಗೀತಾರೆ. ದೇಶದ ವರ್ಷದ ವರಮಾನ ಸುಮಾರು 350 ಕೋಟಿ ರೂಪಾಯಿ. ಅದರಲ್ಲಿ ಸೈನ್ಯಕ್ಕೆ ಹೋಗ್ತಿರೋದು 180 ಕೋಟಿ. ಅರ್ಧಕ್ಕಿಂತ ಹೆಚ್ಚು! ಕಷ್ಟ ಬಂದಾಗ ಜೊತೆಗೆ ನಿಲ್ಲೋ ಗೆಳೆಯರಿಲ್ಲದ ಮೇಲೆ ಒಬ್ಬರೇ ಕಾವಲು ಕಾಯಬೇಕಲ್ಲ, ಅದಕ್ಕೇ ಇಷ್ಟು ಖರ್ಚು ಅಂದರು.

ಗೆಳೆಯರೇ, ಈ ಎರಡು ಅಂಕಿಗಳ ಮೇಲೆ ಸ್ವಲ್ಪ ನಿಲ್ಲೋಣ. ಬಾಬಾಸಾಹೇಬರು ವಿದೇಶಾಂಗ ನೀತಿಯನ್ನ ಡೆಲ್ಲಿಯ ಚಹಾಕೂಟದ ಮಾತು ಅಂತ ನೋಡಲಿಲ್ಲ. ನಮ್ಮವ್ವ ಸಂತೆಗೆ ಹೋಗುವಾಗ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸ್ತಾಳಲ್ಲ, ಹಾಗೆ ಎಣಿಸಿದರು. ಗಂಟಿನಲ್ಲಿರೋದು 350. ಕಾವಲಿಗೇ 180 ಹೋದರೆ ಉಳಿದದ್ದು 170. ಅದರಲ್ಲಿ ಶಾಲೆ, ಆಸ್ಪತ್ರೆ, ರೋಡು, ಬಾವಿ, ಬರಗಾಲ, ಅಧಿಕಾರಿಗಳ ಸಂಬಳ ಎಲ್ಲ ಆಗಬೇಕು. ಈಗ ಹೇಳಿ, ಕೇರಿಗೆ ಬಾವಿ ಯಾಕೆ ಬರಲಿಲ್ಲ ಅನ್ನೋ ಪ್ರಶ್ನೆ ಒಳಗಿನ ನೀತಿಯದೋ ಹೊರಗಿನ ನೀತಿಯದೋ? ಹೊರಗಿನ ಲೆಕ್ಕ, ಒಳಗಿನ ಲೆಕ್ಕ ಅಂತ ಅವರ ಹತ್ತಿರ ಎರಡು ಪುಸ್ತಕ ಇರಲೇ ಇಲ್ಲ.

ಅದೇ ಹೇಳಿಕೆಯಲ್ಲಿ ಕಾಶ್ಮೀರದ ಮಾತೂ ಇದೆ. ಹಿಂದೂ ಬೌದ್ಧರಿರುವ ಭಾಗ ಭಾರತಕ್ಕೆ, ಮುಸ್ಲಿಮರಿರುವ ಭಾಗ ಪಾಕಿಸ್ತಾನಕ್ಕೆ ಅಂತ ಹಂಚಿ ಜಗಳ ಮುಗಿಸಿ ಅಂದರು. ಇವತ್ತು ಇದನ್ನ ಗಟ್ಟಿಯಾಗಿ ಹೇಳೋಕೂ ಜನ ಹೆದರ್ತಾರೆ, ನಾನೂ ಅದರ ಸರಿ ತಪ್ಪಿಗೆ ಇಲ್ಲಿ ಹೋಗೋದಿಲ್ಲ. ನನ್ನನ್ನ ಹಿಡಿದು ನಿಲ್ಲಿಸಿದ್ದು ಅದರ ಪಕ್ಕದ ಮಾತು. ಎಲ್ಲರೂ ಕಾಶ್ಮೀರ ಕಾಶ್ಮೀರ ಅಂತ ಕೂಗುವಾಗ, ನಮಗೆ ಹೆಚ್ಚಿನ ಚಿಂತೆ ಇರಬೇಕಾದ್ದು ಪೂರ್ವ ಬಂಗಾಳದಲ್ಲಿ ಸಿಕ್ಕಿಕೊಂಡಿರುವ ನಮ್ಮ ಜನರ ಬಗ್ಗೆ ಅಂದರು. ಆ ಜನರಲ್ಲಿ ನಮ್ಮವರೆಷ್ಟು ಗೊತ್ತಾ? ನಾಮಶೂದ್ರರು, ಬಂಗಾಳದ ದಲಿತರು, ಲಕ್ಷ ಲಕ್ಷ. ಅವರ ನಾಯಕ ಜೋಗೇಂದ್ರನಾಥ ಮಂಡಲ್. 1946ರಲ್ಲಿ ಬಾಂಬೆಯಲ್ಲಿ ಬಾಗಿಲು ಮುಚ್ಚಿದಾಗ ಬಂಗಾಳದಿಂದ ಬಾಬಾಸಾಹೇಬರನ್ನ ಸಂವಿಧಾನ ಸಭೆಗೆ ಕಳಿಸೋಕೆ ನಿಂತ ಮನುಷ್ಯ. ದೇಶ ಒಡೆದ ಮೇಲೆ ಆತ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದ. ಈ ಕಡೆ ಮೊದಲ ಕಾನೂನು ಮಂತ್ರಿ ಬಾಬಾಸಾಹೇಬರು. ಅತ್ತ ದಲಿತ, ಇತ್ತ ದಲಿತ! ಮಂಡಲ್ 1950ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದ. ಇವರು 1951ರಲ್ಲಿ ರಾಜೀನಾಮೆ ಕೊಟ್ಟರು. ಎರಡೂ ದೇಶಗಳು ಕಾನೂನಿನ ಕುರ್ಚಿಯಲ್ಲಿ ನಮ್ಮವರನ್ನ ಕೂರಿಸಿದವು, ಎರಡೂ ಕಡೆ ಕುರ್ಚಿ ಒಂದು ಕಡೆ, ಕಾನೂನು ಇನ್ನೊಂದು ಕಡೆ.

ಹಿಂದೂ ಕೋಡ್ ಬಿಲ್ ಬಗ್ಗೆ ನಿಮಗೆ ಗೊತ್ತಿರೋದರಿಂದ ಬೇಗ ಹೇಳಿ ಮುಂದೆ ಹೋಗ್ತೇನೆ. ವರ್ಷಗಟ್ಟಲೆ ಎಳೆದರು. ಕೊನೆಗೆ 4 ಕಲಮು ಪಾಸಾದ ಮೇಲೆ ಕೈಬಿಟ್ಟರು. ಜಾತಿಯ, ಹೆಣ್ಣುಗಂಡಿನ ಅಸಮಾನತೆಯನ್ನ ಹಾಗೇ ಇಟ್ಟು ಆರ್ಥಿಕ ಕಾನೂನು ಮಾಡೋದು ಅಂದರೆ ತಿಪ್ಪೆಯ ಮೇಲೆ ಅರಮನೆ ಕಟ್ಟಿದ ಹಾಗೆ ಅನ್ನೋ ಅರ್ಥದ ಮಾತು ಬಂದದ್ದು ಈ ಹೇಳಿಕೆಯಲ್ಲೇ. ಬಿಲ್ಲನ್ನ ಆಮೇಲೆ ತುಂಡು ತುಂಡು ಮಾಡಿ 1955ರಲ್ಲಿ, 1956ರಲ್ಲಿ ತಂದರು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಹಕ್ಕು ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಗೆಳತಿಯರು ಲೆಕ್ಕ ಹಾಕಿಕೊಳ್ಳಲಿ.

ಆದರೆ ಈ ಹೇಳಿಕೆಯನ್ನ ಅವರು ಪಾರ್ಲಿಮೆಂಟಿನಲ್ಲಿ ಓದಲಿಲ್ಲ. ಓದೋಕೆ ಬಿಡಲಿಲ್ಲ. ರಾಜೀನಾಮೆ ಕೊಟ್ಟ ಮಂತ್ರಿ ಸದನದಲ್ಲಿ ಕಾರಣ ಹೇಳೋದು ಪದ್ಧತಿ. ಪೀಠದಲ್ಲಿದ್ದ ಉಪಸಭಾಪತಿ ಅನಂತಶಯನಂ ಅಯ್ಯಂಗಾರರು ಹೇಳಿಕೆಯ ಪ್ರತಿಯನ್ನ ಮೊದಲೇ ಕೊಡಿ ಅಂದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಿಗೆ, ನೀವು ಏನು ಮಾತಾಡ್ತೀರೋ ಮೊದಲು ಬರೆದು ತೋರಿಸಿ ಅಂದ ಹಾಗಾಯಿತು. ಬಾಬಾಸಾಹೇಬರು ಕಾಗದ ಎತ್ತಿಕೊಂಡು ಹೊರಗೆ ನಡೆದರು. ಹೊರಗೆ ಪತ್ರಿಕೆಯವರ ಕೈಗೆ ಕೊಟ್ಟರು. ನಾನು ಮೇಷ್ಟ್ರಿಗೆ "ಸರಿ ಸಾರ್" ಅಂದಿದ್ದೆ ಅಲ್ವಾ, ಈ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ 1952ರ ಚುನಾವಣೆ. ಬಾಂಬೆಯಲ್ಲಿ ಸೋತರು. 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲಿ ಮತ್ತೆ ಸೋತರು. ಲೋಕಸಭೆಗೆ ಅವರು ಬರಲೇ ಇಲ್ಲ. ಸಂವಿಧಾನ ಬರೆದವರಿಗೆ ಈ ದೇಶದ ಮತದಾರರು ಕೊಟ್ಟ ಬಹುಮಾನ ಇದು. 1952ರಲ್ಲಿ ಬಾಂಬೆ ರಾಜ್ಯದಿಂದ ಮೇಲ್ಮನೆಗೆ ಬಂದು ವಿರೋಧ ಪಕ್ಷದ ಸಾಲಿನಲ್ಲಿ ಕೂತರು. ಮೈಯಲ್ಲಿ ಸಕ್ಕರೆ ಕಾಯಿಲೆ, ಕಾಲುನೋವು. ಆದರೂ ಎದ್ದು ನಿಂತು ಮಾತಾಡಿದರು.

1954ರ ಆಗಸ್ಟ್, ಸೆಪ್ಟೆಂಬರ್ ಕಡೆ ನೀವು ಗಮನ ಕೊಡಬೇಕು. ಆ ಸದನಕ್ಕೆ ರಾಜ್ಯಸಭೆ ಅನ್ನೋ ಹೆಸರು ಬಂದದ್ದೇ ಆಗಸ್ಟ್ 23ಕ್ಕೆ. 3 ದಿನ ಆದ ಮೇಲೆ, ಆಗಸ್ಟ್ 26ರಂದು, ಅಂತಾರಾಷ್ಟ್ರೀಯ ಪರಿಸ್ಥಿತಿಯ ಮೇಲಿನ ಚರ್ಚೆಯಲ್ಲಿ ಬಾಬಾಸಾಹೇಬರು ಎದ್ದರು.

ಆ ಹೊತ್ತಿನ ಹವಾ ಹೇಗಿತ್ತು? ಏಪ್ರಿಲ್ 29ರಂದು ಭಾರತ ಚೀನಾಗಳ ನಡುವೆ ಟಿಬೆಟ್ಟಿನ ವ್ಯಾಪಾರದ ಒಪ್ಪಂದ ಆಗಿತ್ತು. ಅದರ ಪೀಠಿಕೆಯಲ್ಲೇ ಪಂಚಶೀಲ. ಅದರಲ್ಲಿ ಟಿಬೆಟ್ಟು ಚೀನಾದ ಪ್ರದೇಶ ಅಂತ ನಾವು ಬರೆದುಕೊಟ್ಟಿದ್ದೆವು. ಚೀನಾ ನಮ್ಮ ತಮ್ಮ, ನಾವು ಚೀನಾದ ಅಣ್ಣ ಅಂತ ಊರೆಲ್ಲ ಕೂಗು. ನೆಹರೂ ಅವರ ಹೆಸರು ಲೋಕದಲ್ಲೆಲ್ಲ ಮೊಳಗ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಎರಡು ಚುನಾವಣೆ ಸೋತ ಮನುಷ್ಯ ಎದ್ದು ನಿಂತು, ಇದು ಸರಿಯಲ್ಲ ಅಂದರು.

ಅವರು ಕೇಳಿದ ಮೊದಲ ಪ್ರಶ್ನೆ ಶಾಂತಿಯದು. ಶಾಂತಿ ಬೇಕು, ಯಾರು ಬೇಡ ಅಂದರು? ಅದಕ್ಕೆ ಕೊಡ್ತಿರೋ ಬೆಲೆ ಏನು? ದೇಶಗಳನ್ನ ಒಡೆದು ಹಂಚಿ ಶಾಂತಿ ಕೊಳ್ತಾ ಇದ್ದೀರಿ ಅಂದರು. ಕೊರಿಯಾ ಎರಡು ತುಂಡಾಗಿತ್ತು. ಹಿಂದಿನ ತಿಂಗಳಷ್ಟೇ ಜಿನೀವಾದಲ್ಲಿ ವಿಯೆಟ್ನಾಂ ಎರಡು ತುಂಡಾಗಿತ್ತು. ಎರಡು ಹಟ್ಟಿಯ ಜಗಳ ಬಗೆಹರಿಸೋಕೆ ಬಡವನ ಹೊಲಕ್ಕೆ ಬದು ಹಾಕಿದ ಹಾಗೆ.

ಎರಡನೇದು ಟಿಬೆಟ್ಟು. ಲಾಸಾ ಚೀನಾದ ವಶ ಆಗೋಕೆ ಬಿಟ್ಟದ್ದರಿಂದ ಚೀನಾದ ಗಡಿಯನ್ನ ತಂದು ನಮ್ಮ ಗಡಿಗೆ ಅಂಟಿಸೋಕೆ ನಮ್ಮ ಪ್ರಧಾನಿಯೇ ಸಹಾಯ ಮಾಡಿದ ಹಾಗಾಯಿತು ಅಂದರು. ಇವತ್ತಲ್ಲದಿದ್ದರೆ ನಾಳೆ, ಆಕ್ರಮಣ ಮಾಡೋ ಅಭ್ಯಾಸ ಇರೋರು ಮಾಡದೇ ಬಿಡೋದಿಲ್ಲ ಅನ್ನೋದು ಅವರ ಎಚ್ಚರಿಕೆ. ಮೂರನೇದು ಪಂಚಶೀಲ. ಅದು ಬುದ್ಧನ ಧರ್ಮದ ಮಾತು. ಮಾವೋಗೆ ಅದರಲ್ಲಿ ನಂಬಿಕೆ ಇದ್ದಿದ್ದರೆ ಅವನ ದೇಶದ ಬೌದ್ಧರನ್ನ ಹಾಗೆ ನಡೆಸಿಕೊಳ್ತಿದ್ದನಾ ಅಂತ ಕೇಳಿದರು. 2 ವರ್ಷದ ನಂತರ ನಾಗಪುರದಲ್ಲಿ ತಾವೇ ಪಂಚಶೀಲ ಹೇಳಿ ಬೌದ್ಧರಾದ ಮನುಷ್ಯ ಈ ಮಾತು ಹೇಳ್ತಿರೋದು ಅನ್ನೋದನ್ನ ನೆನಪಿಟ್ಟುಕೊಳ್ಳಿ. ಶೀಲ ಅನ್ನೋದು ಅವರಿಗೆ ಎದೆಯ ವಿಷಯ. ಅದನ್ನ ವ್ಯಾಪಾರದ ಒಪ್ಪಂದದ ತಲೆಬರಹ ಮಾಡಿದ್ದು ಅವರಿಗೆ ನೋವಾಗಿದ್ದಿರಬೇಕು ಅಂತ ನನಗನಿಸುತ್ತೆ. ಇದು ನನ್ನ ಊಹೆ, ಅವರ ಮಾತಲ್ಲ.

1959ರಲ್ಲಿ ದಲೈಲಾಮಾ ಓಡಿ ಬಂದರು. 1962ರ ಅಕ್ಟೋಬರಿನಲ್ಲಿ ಯುದ್ಧ ಆಯಿತು. 8 ವರ್ಷದ ಅವಧಿಯ ಆ ಏಪ್ರಿಲ್ ಒಪ್ಪಂದ ಅದೇ ವರ್ಷ ಮುಗಿದುಹೋಗಿತ್ತು. ಬಾಬಾಸಾಹೇಬರು ಆಗ ಇರಲಿಲ್ಲ, 1956ರ ಡಿಸೆಂಬರ್ 6ಕ್ಕೇ ಹೋಗಿದ್ದರು. ಗೋವಾದ ಬಗ್ಗೆಯೂ ಅದೇ ದಿನ ಹೇಳಿದ್ದರು, ಮೊದಲೇ ಗಟ್ಟಿ ಹೆಜ್ಜೆ ಇಟ್ಟಿದ್ದರೆ ಸಣ್ಣದೊಂದು ಪೊಲೀಸ್ ಕಾರ್ಯಾಚರಣೆಯಲ್ಲಿ ಮುಗಿಯೋದು ಅಂತ. ಕೊನೆಗೆ 1961ರ ಡಿಸೆಂಬರಿನಲ್ಲಿ ಸೈನ್ಯ ಕಳಿಸಿಯೇ ಬಿಡಿಸಿಕೊಳ್ಳಬೇಕಾಯಿತು.

ಟಿಬೆಟ್ಟು ದೂರ ಅಂತೀರಾ? ಪಿರಿಯಾಪಟ್ಟಣದ ಹತ್ತಿರ ಬೈಲುಕುಪ್ಪೆಗೆ ಹೋಗಿ ನೋಡಿ. ಲಾಸಾ ಬಿಟ್ಟು ಬಂದವರ ಮೊಮ್ಮಕ್ಕಳು ಕನ್ನಡದಲ್ಲಿ ಜೋಳದ ರೇಟು ಮಾತಾಡ್ತಾರೆ. 1961ರಲ್ಲಿ ಆಗಿನ ಮೈಸೂರು ಸರ್ಕಾರ ಅವರಿಗೆ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಮುಂಡಗೋಡಿನಲ್ಲಿ, ಕೊಳ್ಳೇಗಾಲದ ಕಡೆ ಆಮೇಲೆ ಕೊಟ್ಟರು. ಕೊಟ್ಟದ್ದು ತಪ್ಪು ಅಂತ ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಮನೆ ಕಳಕೊಂಡವನಿಗೆ ನೆಲ ಕೊಡೋದು ಧರ್ಮ. ನಾನು ಕೇಳೋದು ಇಷ್ಟೇ: ಮನಸ್ಸು ಮಾಡಿದರೆ ಸರ್ಕಾರಕ್ಕೆ ನೆಲ ಸಿಗುತ್ತೆ. ಹಾಗಾದರೆ ಹುಟ್ಟಿದ ಊರಲ್ಲೇ ನೆಲ ಇಲ್ಲದವರಿಗೆ ಯಾಕೆ ಸಿಗಲಿಲ್ಲ? ಈ ಪ್ರಶ್ನೆಗೆ ಇನ್ನೊಂದು ನಿಮಿಷಕ್ಕೆ ಬರ್ತೇನೆ.

ಅದಕ್ಕೆ ಮೊದಲು ಒಂದು ಕಷ್ಟದ ಮಾತು. ಅದೇ ಆಗಸ್ಟ್ 26ರ ಭಾಷಣದಲ್ಲಿ ಬಾಬಾಸಾಹೇಬರು ಸೀಟೋ ಪರ ಮಾತಾಡಿದರು. ಸೀಟೋ ಅಂದರೆ ಅಮೆರಿಕ ಮುಂದೆ ನಿಂತು ಆಗ್ನೇಯ ಏಷ್ಯಾಕ್ಕೆ ಅಂತ ಕಟ್ಟಿದ ಸೈನಿಕ ಕೂಟ. ಸೆಪ್ಟೆಂಬರ್ 8ಕ್ಕೆ ಮನಿಲಾದಲ್ಲಿ ಸಹಿ ಆಯಿತು, ಪಾಕಿಸ್ತಾನ ಸೇರಿತು, ಭಾರತ ಸೇರಲಿಲ್ಲ. ಅದು ದಾಳಿ ಮಾಡೋ ಕೂಟ ಅಲ್ಲ, ದಾಳಿ ತಡೆಯೋದು, ನಮಗೆ ಅದರ ಮೇಲೆ ಯಾಕೆ ಇಷ್ಟು ಸಿಟ್ಟು ಅಂತ ಅವರ ವಾದ. ಕಮ್ಯುನಿಸಂ ಕಾಡ್ಗಿಚ್ಚಿನ ಹಾಗೆ, ಅದರ ಜೊತೆ ಸಹಬಾಳ್ವೆ ಅಂತ ನಂಬಿ ಕೂರಬೇಡಿ ಅಂದರು. ರಷ್ಯಾ ನುಂಗಿದ ದೇಶಗಳ ಪಟ್ಟಿಯನ್ನೇ ಓದಿದರು.

ಇಲ್ಲಿ ಕೂತಿರೋ ಎಡಪಂಥದ ಗೆಳೆಯರು ಮುಖ ತಿರುಗಿಸ್ತಾ ಇದ್ದೀರಿ, ನನಗೆ ಕಾಣ್ತಾ ಇದೆ. ನನಗೂ ಆ ಪುಟಗಳು ನುಂಗಲಾರದ ತುತ್ತು. ನಾನು ನನ್ನ ಅಭಿಪ್ರಾಯ ಹೇಳ್ತೇನೆ, ಯಾರೂ ಒಪ್ಪಬೇಕಾಗಿಲ್ಲ. ಸೀಟೋ ವಿಷಯದಲ್ಲಿ ಅವರ ಎಣಿಕೆ ತಪ್ಪಿತು. ಅದೇ ಒಪ್ಪಂದವನ್ನ ಮುಂದಿಟ್ಟುಕೊಂಡು ಅಮೆರಿಕ ವಿಯೆಟ್ನಾಮಿಗೆ ನುಗ್ಗಿತು. ಆ ಬಡ ರೈತರ ಮೇಲೆ ಬಿದ್ದ ಬಾಂಬು ಯಾವ ದಾಳಿ ತಡೆಯೋಕೆ? 1971ರ ಡಿಸೆಂಬರಿನಲ್ಲಿ ಪೂರ್ವ ಬಂಗಾಳದ ಜನ ಬಿಡುಗಡೆಗೆ ಹೋರಾಡುವಾಗ ಅಮೆರಿಕದ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದದ್ದು ಯಾರನ್ನ ಹೆದರಿಸೋಕೆ? 1977ರಲ್ಲಿ ಸೀಟೋ ಬಾಗಿಲು ಹಾಕಿತು, ಅಳುವವರಿರಲಿಲ್ಲ. ಆದರೆ ರಷ್ಯಾದ ಬಗ್ಗೆ ಅವರು ಆಡಿದ್ದನ್ನ ಬರೀ ಅಮೆರಿಕದ ವಕಾಲತ್ತು ಅಂತ ತಳ್ಳಿಹಾಕೋರು 1956ರ ಹಂಗೆರಿ, 1968ರ ಚೆಕೊಸ್ಲೊವಾಕಿಯಾ ಎರಡನ್ನೂ ನೆನಪು ಮಾಡಿಕೊಳ್ಳಲಿ.

ಟಿಬೆಟ್ಟಿನಲ್ಲಿ ಅವರು ಸರಿ, ಸೀಟೋದಲ್ಲಿ ತಪ್ಪು. ಹೀಗೆ ಹೇಳಿದರೆ ಬಾಬಾಸಾಹೇಬರಿಗೆ ಅವಮಾನ ಅಂತ ನಮ್ಮವರೇ ಕೆಲವರು ಜಗಳಕ್ಕೆ ಬರ್ತಾರೆ. ಬರಲಿ. ಮಂಡಿಯೂರಿ ಪೂಜೆ ಮಾಡೋ ಭಕ್ತರು ಬೇಡ ಅಂತ ಹೇಳಿದವರು ಅವರೇ. ನೆಹರೂ ತಪ್ಪು ಅಂತ ಹೇಳೋಕೆ ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಸರಿ, ಈಗ ನೆಲದ ಪ್ರಶ್ನೆಗೆ. ಆಗಸ್ಟ್ 26ಕ್ಕೆ ಲಾಸಾದ ಮಾತಾಡಿದವರು 11 ದಿನ ಕಳೆದ ಮೇಲೆ, ಸೆಪ್ಟೆಂಬರ್ 6ರಂದು, ಅದೇ ಸದನದಲ್ಲಿ ಮತ್ತೆ ಎದ್ದರು. ಈ ಸಲ ಪರಿಶಿಷ್ಟ ಜಾತಿ, ಪಂಗಡಗಳ ಕಮಿಷನರ್ ಕೊಟ್ಟಿದ್ದ ವರದಿಯ ಮೇಲೆ. ನಮ್ಮ ಜನಕ್ಕೆ ಭೂಮಿ ಬೇಕು ಅಂದರು. ಪಾಳುಬಿದ್ದಿರೋ ಸಾಗುವಳಿ ಯೋಗ್ಯ ಭೂಮಿ ಕೊಡಿ. ಸರ್ಕಾರ ಎಂದಿನ ಹಾಡು ಹಾಡುತ್ತೆ, ದುಡ್ಡಿಲ್ಲ. ದುಡ್ಡು ಎಲ್ಲಿಂದ ತರೋದು ಅಂತ ಅವರೇ ಹೇಳಿಕೊಟ್ಟರು. ಉಪ್ಪಿನ ಮೇಲೆ ತೆರಿಗೆ ಹಾಕಿ!

ನೀವು ನಗ್ತೀರಿ. ಸದನದಲ್ಲೂ ಹುಬ್ಬು ಏರಿರಬೇಕು. ಉಪ್ಪಿನ ತೆರಿಗೆ ಅಂದರೆ ಗಾಂಧೀಜಿ ದಂಡಿಗೆ ನಡೆದದ್ದು. 1947ರಲ್ಲಿ ಅದನ್ನ ತೆಗೆದು ಹಾಕಿದ್ದರು. ಬಾಬಾಸಾಹೇಬರು ಹೇಳಿದ್ದು: ತೆಗೆಯುವ ಹೊತ್ತಿಗೆ ಅದರಿಂದ ವರ್ಷಕ್ಕೆ ಸುಮಾರು 10 ಕೋಟಿ ರೂಪಾಯಿ ಬರ್ತಿತ್ತು. ಮತ್ತೆ ಹಾಕಿ. ಒಬ್ಬೊಬ್ಬನಿಗೆ ಬೀಳೋದು ಚಿಕ್ಕಾಸು. ಬಂದ ಹಣವನ್ನ ಗಾಂಧಿಯವರ ಹೆಸರಲ್ಲೇ ಒಂದು ನಿಧಿ ಮಾಡಿ ಇಡಿ, ಅಸ್ಪೃಶ್ಯರ ಉದ್ಧಾರಕ್ಕೆ ಬಳಸಿ. ಗಾಂಧಿಗೆ ಅಸ್ಪೃಶ್ಯರಿಗಿಂತ ಹತ್ತಿರದವರು ಯಾರಿದ್ದರು ಸ್ವಾಮಿ? ನೀವೇ ಹೇಳ್ತೀರಲ್ಲ!

ಎಂಥ ಏಟು ನೋಡಿ. ನಿಮ್ಮ ಉಪ್ಪು, ನಿಮ್ಮ ಗಾಂಧಿ, ನಿಮ್ಮ ಬಾಯಿಮಾತು, ಮೂರನ್ನೂ ಒಟ್ಟಿಗೆ ಕಟ್ಟಿ ಮುಂದೆ ಇಟ್ಟರು. ಉಪ್ಪಿನ ಋಣ ಅಂತೀವಲ್ಲ ನಾವು, ಗೌಡನ ಉಪ್ಪು ಉಂಡಿದೀವಿ ಅಂತ ತಲೆಮಾರುಗಟ್ಟಲೆ ದುಡಿದು ಸತ್ತಿದೀವಲ್ಲ. ಈ ದೇಶವೇ ನಮ್ಮ ಬೆವರಿನ ಉಪ್ಪು ಉಂಡಿದೆ, ಆ ಋಣ ತೀರಿಸಲಿ ಅಂತ ಕೇಳಿದ ಹಾಗಿತ್ತು ಅದು. ಸರ್ಕಾರ ತೀರಿಸಲಿಲ್ಲ. ಉಪ್ಪಿನ ತೆರಿಗೆಯೂ ಬರಲಿಲ್ಲ, ಆ ನಿಧಿಯೂ ಬರಲಿಲ್ಲ. ಬಡವರೂ ತಿನ್ನೋ ಉಪ್ಪಿಗೆ ತೆರಿಗೆ ಹಾಕೋದು ನ್ಯಾಯವಾ ಅಂತ ನೀವು ಕೇಳಬಹುದು. ಕೇಳಿ. ಕೇಳಬೇಕಾದ ಪ್ರಶ್ನೆಯೇ. ಆದರೆ ದುಡ್ಡಿಲ್ಲ ಅಂದವರಿಗೆ ದುಡ್ಡಿನ ದಾರಿ ತೋರಿಸದೆ ಬರೀ ಕೂಗೋದು ಅವರ ಜಾಯಮಾನ ಆಗಿರಲಿಲ್ಲ.

ಅದೇ ದಿನದ ಮಾತಿನಲ್ಲಿ ನಮಗೆ ಸಂಬಂಧಪಟ್ಟ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಅವರು ವೈಸರಾಯರ ಕೌನ್ಸಿಲಿನಲ್ಲಿದ್ದಾಗ ಲಾರ್ಡ್ ಲಿನ್‌ಲಿತ್‌ಗೋ ಹತ್ತಿರ ಹೋಗಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲಿಗಢದ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಹಣ ಕೊಡ್ತೀರಿ, ನಮ್ಮ ಮಕ್ಕಳ ಓದಿಗೆ ಏನು ಕೊಡ್ತೀರಿ ಅಂತ ಕೇಳಿದರಂತೆ. ನಾನೊಬ್ಬ 500 ಪದವೀಧರರಿಗೆ ಸಮ ಹೌದೋ ಅಲ್ಲವೋ ಅಂತಲೂ ಕೇಳಿದರಂತೆ. ಆತ ಹೌದು ಅಂದ. 3 ಲಕ್ಷ ರೂಪಾಯಿ ಮಂಜೂರಾಯಿತು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಷಿಪ್ ಶುರುವಾದದ್ದು 1944ರಲ್ಲಿ. ನಿಮ್ಮ ಖಾತೆಗೆ ಆರು ತಿಂಗಳು ತಡವಾಗಿ ಬರುತ್ತಲ್ಲ, ಅದರ ಬೇರು ಅಲ್ಲಿದೆ. ಯಾರೋ ಕರುಣೆಯಿಂದ ಎಸೆದ ರೊಟ್ಟಿಚೂರಲ್ಲ ಅದು. ಲೆಕ್ಕ ಹಾಕಿ ಕೇಳಿ ಪಡೆದದ್ದು.

ಮತ್ತೆ 10 ದಿನ. ಸೆಪ್ಟೆಂಬರ್ 16. ಅಸ್ಪೃಶ್ಯತಾ ಅಪರಾಧಗಳ ಮಸೂದೆ. ಗೃಹಮಂತ್ರಿ ಕೈಲಾಸನಾಥ ಕಾಟ್ಜು. ಬಾಬಾಸಾಹೇಬರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಮಸೂದೆಯ ಹೆಸರೇ. ಅಸ್ಪೃಶ್ಯತಾ ಅಪರಾಧ ಅಂತ ಯಾಕೆ, ಅಸ್ಪೃಶ್ಯರ ನಾಗರಿಕ ಹಕ್ಕುಗಳ ರಕ್ಷಣೆ ಅಂತ ಕರೀರಿ ಅಂದರು. ಹೆಸರಿನಲ್ಲೇನಿದೆ ಅನ್ನಬೇಡಿ. ಮೊದಲ ಹೆಸರಿನ ಪ್ರಕಾರ ನಾವು ಕೊಳಕಿನ ಹತ್ತಿರ ನಿಂತವರು. ಎರಡನೇ ಹೆಸರಿನ ಪ್ರಕಾರ ನಾವು ನಾಗರಿಕರು, ನಮ್ಮ ಹಕ್ಕನ್ನ ಒಬ್ಬ ಕದ್ದಿದ್ದಾನೆ, ಅವನಿಗೆ ಶಿಕ್ಷೆ. ಶಿಕ್ಷೆ ಇಷ್ಟು ಹಗುರ ಆದರೆ ಉಪಯೋಗ ಏನು ಅನ್ನೋದು ಅವರ ಇನ್ನೊಂದು ತಕರಾರು. ಕಾಯ್ದೆ 1955ರಲ್ಲಿ ಹಳೇ ಹೆಸರಲ್ಲೇ ಬಂತು. 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳೋಕೂ ದಾರಿ ಬಿಟ್ಟಿದ್ದರು. ಹೊಲದ ಕೂಲಿ ಯಾರ ಕೈಯಲ್ಲಿದೆಯೋ ಅವನ ಜೊತೆ ರಾಜಿ! ನಮ್ಮ ಊರುಗಳಲ್ಲಿ ಅದು ಹೇಗೆ ನಡೆಯುತ್ತೆ ಅಂತ ನಿಮಗೆ ನಾನು ಹೇಳಬೇಕಾ? 1976ರಲ್ಲಿ ತಿದ್ದಿದರು. ರಾಜಿಯ ದಾರಿ ಮುಚ್ಚಿದರು, ಕನಿಷ್ಠ ಶಿಕ್ಷೆ ಇಟ್ಟರು, ಹೆಸರನ್ನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಬದಲಾಯಿಸಿದರು. ಅವರು ಹೇಳಿ 22 ವರ್ಷ ಆಗಿತ್ತು.

ಆಗಸ್ಟ್ 26, ಸೆಪ್ಟೆಂಬರ್ 6, ಸೆಪ್ಟೆಂಬರ್ 16. ಮೂರು ವಾರ. ಲಾಸಾ, ಉಪ್ಪು, ಹೋಟೆಲಿನ ಬೇರೆ ಲೋಟ. ಒಬ್ಬನೇ ಮನುಷ್ಯ, ಒಂದೇ ದನಿ. ಈ ಮೂರರಲ್ಲಿ ಯಾವುದು ದೊಡ್ಡ ವಿಷಯ, ಯಾವುದು ಚಿಕ್ಕದು ಅಂತ ನನ್ನ ಮೇಷ್ಟ್ರನ್ನ ಕರೆದು ಕೇಳಬೇಕು ಅನಿಸುತ್ತೆ.

ಇನ್ನೊಂದೇ ಮಾತು ಉಳಿದಿದೆ, ಯಾಕಂದರೆ ಇದನ್ನ ಅರ್ಧ ಕೇಳಿ ನಮ್ಮ ಬಾಯಿ ಮುಚ್ಚಿಸೋಕೆ ಬರ್ತಾರೆ. "ನಿಮ್ಮ ಅಂಬೇಡ್ಕರೇ ಸಂವಿಧಾನ ಸುಡ್ತೀನಿ ಅಂದಿದ್ದರಲ್ಲ" ಅಂತ. ಅಂದದ್ದು ನಿಜ. 1953ರ ಸೆಪ್ಟೆಂಬರ್ 2, ಆಂಧ್ರ ರಾಜ್ಯದ ಮಸೂದೆ ಮೇಲಿನ ಚರ್ಚೆ. ಬಳ್ಳಾರಿ ಜಿಲ್ಲೆಯ 7 ತಾಲ್ಲೂಕು ಮೈಸೂರಿಗೆ ಬಂದು, ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದದ್ದು ಇದೇ ಮಸೂದೆಯಿಂದ, ಹಾಗಾಗಿ ಇದು ನಮ್ಮ ಮನೆಯ ಮಾತೂ ಹೌದು. ಭಾಷೆ ಒಂದೇ ಅಂತ ರಾಜ್ಯ ಕಟ್ಟಿ ಸಂಭ್ರಮ ಪಡ್ತೀರಿ, ಆ ರಾಜ್ಯದೊಳಗೆ ಸಂಖ್ಯೆಯಲ್ಲಿ ಸಣ್ಣವರಿಗೆ ರಕ್ಷಣೆ ಏನು ಅಂತ ಕೇಳ್ತಿದ್ದರು. ಅದಕ್ಕೆ ಸಂವಿಧಾನ ನೀವೇ ಬರೆದದ್ದಲ್ಲವಾ ಅಂತ ಚುಚ್ಚಿದರು. ಆಗ ಬಂತು ಸಿಟ್ಟು: ನಾನು ಬಾಡಿಗೆಯವನಾಗಿದ್ದೆ, ಹೇಳಿದ್ದನ್ನ ಬರೆದೆ, ಸುಡೋದಾದರೆ ನಾನೇ ಮೊದಲು ಸುಡ್ತೇನೆ ಅನ್ನೋ ಅರ್ಥದ ಮಾತು.

ಅದು ಬರೀ ಸಿಟ್ಟಾ? 1955ರ ಮಾರ್ಚ್ 19ರಂದು 4ನೇ ತಿದ್ದುಪಡಿಯ ಚರ್ಚೆಯಲ್ಲಿ ಒಬ್ಬ ಸದಸ್ಯರು ಅದನ್ನೇ ಎತ್ತಿ ಕೇಳಿದರು. ಬಾಬಾಸಾಹೇಬರ ಉತ್ತರ: ದೇವರು ಬಂದು ಇರಲಿ ಅಂತ ಗುಡಿ ಕಟ್ಟಿದೆವು. ದೇವರನ್ನ ಕೂರಿಸೋ ಮೊದಲೇ ಪಿಶಾಚಿ ಬಂದು ಒಳಗೆ ಸೇರಿಕೊಂಡರೆ ಗುಡಿ ಕೆಡವದೆ ಇನ್ನೇನು ಮಾಡೋದು? ಪಿಶಾಚಿಯನ್ನೇ ಓಡಿಸಬಹುದಲ್ಲ ಅಂತ ಸದನದಲ್ಲೇ ಇನ್ನೊಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಕಾಳಾರಾಮ ಗುಡಿಯ ಬಾಗಿಲಲ್ಲಿ ವರ್ಷಗಟ್ಟಲೆ ಸತ್ಯಾಗ್ರಹ ಮಾಡಿಸಿ ಒಳಗೆ ಬಿಡಿಸಿಕೊಳ್ಳದೆ ಬಂದ ಮನುಷ್ಯ, ಗುಡಿಯ ಹೋಲಿಕೆಯನ್ನೇ ಆರಿಸಿಕೊಂಡದ್ದು ನನ್ನ ತಲೆಯಿಂದ ಹೋಗ್ತಾ ಇಲ್ಲ. ಪಿಶಾಚಿಯನ್ನ ಓಡಿಸೋದಾ, ಗುಡಿ ಕೆಡವೋದಾ, ಇದರ ಬಗ್ಗೆ ಈ ಹಾಸ್ಟೆಲ್ಲಿನಲ್ಲೇ ಎರಡು ಪಂಗಡ ಇದೆ ಅಂತ ನನಗೆ ಗೊತ್ತು. ಜಗಳ ಆಡಿ.

ಊಟದ ಗಂಟೆ ಹೊಡೆಯೋ ಹೊತ್ತಾಯಿತು, ವಾರ್ಡನ್ ಬಾಗಿಲ ಹತ್ತಿರ ಎರಡು ಸಲ ಬಂದು ಹೋದರು. ಮುಂದಿನ ಭಾನುವಾರ ಊಟ ಆದ ಮೇಲೆ ಇದೇ ಹಾಲಿನಲ್ಲಿ 1954ರ ಆಗಸ್ಟ್ 26ರ ಭಾಷಣವನ್ನ ಪೂರ್ತಿ ಓದ್ತೇವೆ, ನಾನೂ ಬರ್ತೇನೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನವರಿಗೆ ಹೊತ್ತಿಗೆ ಸರಿಯಾಗಿ ವಾಪಸ್ಸು ಹೋಗೋ ಹಾಗೆ ಬೇಗ ಶುರು ಮಾಡ್ತೇವೆ. ಓದಿ ಆದ ಮೇಲೆ ಚರ್ಚೆ. ಬಾಬಾಸಾಹೇಬರ ಪರ ಮಾತಾಡೋಕೆ ಈಗಾಗಲೇ 9 ಹೆಸರು ಬಂದಿವೆ. ನೆಹರೂ ಪರ ನಿಂತು ವಾದ ಮಾಡೋಕೆ ಒಬ್ಬರೂ ಸಿಕ್ಕಿಲ್ಲ. ಸೀಟೋ ಬೇಡ ಅಂದದ್ದು, ಯುದ್ಧ ಬೇಡ ಅಂದದ್ದು, ಎರಡಕ್ಕೂ ಬಲವಾದ ವಾದ ಇದೆ. ಅದನ್ನ ಚೆನ್ನಾಗಿ ಓದಿಕೊಂಡು ಬರೋ ಇಬ್ಬರು ಬೇಕು. ಹೆಸರು ಕೊಡೋರು ನನ್ನ ಹತ್ತಿರ ಬನ್ನಿ, ಚೀಟಿ ಪೆನ್ನು ಎರಡೂ ತಂದಿದ್ದೇನೆ.